ಕೋಕಿಲಾ ಮೇಡಂ ಮತ್ತು ಮಧ್ಯಾಹ್ನದ ಮಕ್ಕಳು

ಹಲಸೂರು ಕೆರೆಯಿಂದ ಎರಡು ಬೀದಿ ಒಳಗೆ, ಕೆಳಗೊಂದು ಹೂವಿನಂಗಡಿ, ಅದಕ್ಕಂಟಿಕೊಂಡೇ ಒಂದು ಜೆರಾಕ್ಸ್ ಅಂಗಡಿ ಇರುವ ಹಳೇ ಕಟ್ಟಡದ ಮೊದಲ ಮಹಡಿಯ ಸಣ್ಣ ಎಲೆಕ್ಟ್ರಾನಿಕ್ಸ್ ಕಚೇರಿಗೆ ಕೋಕಿಲಾ ವಾರದಲ್ಲಿ ನಾಲ್ಕು ದಿನ ಕೆಲಸಕ್ಕೆ ಬರುತ್ತಾರೆ. ವಯಸ್ಸು ಅರವತ್ಮೂರು. ಸಿ.ವಿ. ರಾಮನ್ ನಗರದ ಮನೆಯಿಂದ ಒಂಬತ್ತಕ್ಕೆ ಹೊರಟರೆ ಬಸ್ಸು ಇಂದಿರಾನಗರದ ಸಿಗ್ನಲ್ಲುಗಳಲ್ಲಿ ತೂಕಡಿಸಿ ತೂಕಡಿಸಿ ಹತ್ತಕ್ಕೆ ತಂದು ಇಳಿಸುತ್ತದೆ. ಹೆಗಲ ಚೀಲದಲ್ಲಿ ಊಟದ ಡಬ್ಬಿ, ಸ್ಟೀಲ್ ಸ್ಕೇಲು, ಒಂದು ಭೂತಗನ್ನಡಿ, ಬಣ್ಣದ ಪೆನ್ಸಿಲ್ಲುಗಳು. ಹೊಸದಾಗಿ ನೋಡಿದವರು, ಯಾವುದೋ ಶಾಲೆಯ ಡ್ರಾಯಿಂಗ್ ಟೀಚರ್ ದಾರಿ ತಪ್ಪಿ ಇಲ್ಲಿಗೆ ಬಂದಿದ್ದಾರೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ. ಬೆಂಗಳೂರಿನ ಪೂರ್ವಕ್ಕೆ ಕೆಟ್ಟು ಕೂತ ಬೋರ್ಡುಗಳಲ್ಲಿ ಎಷ್ಟಕ್ಕೆ ಈ ಹೆಂಗಸು ಜೀವ ಕೊಟ್ಟಿದ್ದಾರೆಂದು ಲೆಕ್ಕ ಇಟ್ಟವರಿಲ್ಲ. ಅವರಂತೂ ಇಟ್ಟಿಲ್ಲ.

ಅವರ ಕಸುಬಿಗೆ ಲೇಔಟ್ ಎನ್ನುತ್ತಾರೆ. ಯಾವುದೇ ಯಂತ್ರ ಬಿಚ್ಚಿದರೂ ಒಳಗೆ ಹಸಿರು ಹಲಗೆಯೊಂದು ಕಾಣುತ್ತದಲ್ಲ, ಅದರ ಮೇಲಿನ ತಾಮ್ರದ ಗೆರೆಗಳೇ ಕರೆಂಟು ಓಡಾಡುವ ದಾರಿ. ಯಾವ ಭಾಗ ಎಲ್ಲಿ ಕೂರಬೇಕು, ಯಾವ ದಾರಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಕೂತು ಬಿಡಿಸುವುದೇ ಲೇಔಟ್. ದೊಡ್ಡ ಡಿಗ್ರಿ ಮಾಡಿದ ಎಂಜಿನಿಯರುಗಳಲ್ಲಿ ಬಹಳ ಜನಕ್ಕೆ ಇದು ಬರೀ ಗೆರೆ ಎಳೆಯುವ ಕೆಲಸ ಎಂಬ ಭಾವನೆ. ಅವರು ಲೆಕ್ಕ ಹಾಕುತ್ತಾರಂತೆ, ಇವರು ಗೆರೆ ಎಳೆಯುತ್ತಾರಂತೆ. ಬೋರ್ಡು ಕೈಕೊಟ್ಟಾಗ ಮಾತ್ರ ಅದೇ ಮಹಾಶಯರು ಹಲಗೆ ಹಿಡಿದುಕೊಂಡು ಇದೇ ಮೆಟ್ಟಿಲು ಹತ್ತಿ ಬರುತ್ತಾರೆ.

ಪಾಲಿಟೆಕ್ನಿಕ್ ಮುಗಿಸಿ ಇಪ್ಪತ್ತನೇ ವಯಸ್ಸಿಗೆ ಕೋಕಿಲಾ ಸರ್ಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್ ಸೇರಿದಾಗ ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಕೆಳಗೆ ಟ್ಯೂಬ್‌ಲೈಟ್ ಉರಿಯುವ ಗಾಜಿನ ಮೇಜು, ಅದರ ಮೇಲೆ ಹಾಳೆಯಂಥ ಪಾರದರ್ಶಕ ಫಿಲ್ಮು, ಕೈಯಲ್ಲಿ ದಾರದಷ್ಟು ಸಣ್ಣ ಕಪ್ಪು ಟೇಪು ಮತ್ತು ಬ್ಲೇಡು. ಬೋರ್ಡನ್ನು ನಾಲ್ಕು ಪಟ್ಟು ದೊಡ್ಡದಾಗಿ ಆ ಫಿಲ್ಮಿನ ಮೇಲೆ ಟೇಪಿನಲ್ಲೇ ಅಂಟಿಸುತ್ತಾ ಹೋಗಬೇಕು. ಮುಗಿದ ಮೇಲೆ ಫೋಟೋ ತೆಗೆದು ಚಿಕ್ಕದು ಮಾಡುತ್ತಿದ್ದರು. ಒಂದು ಗೆರೆ ತಪ್ಪಿದರೆ ಉಗುರಲ್ಲಿ ಕಿತ್ತು ಮತ್ತೆ ಅಂಟಿಸಬೇಕು. ಸಂಜೆ ಹೊತ್ತಿಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ, ಬೆರಳಿಗೆ ಹತ್ತಿದ ಗೋಂದಿನ ವಾಸನೆ ಊಟದ ತಟ್ಟೆಯವರೆಗೂ ಬರುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. ಜೊತೆಯವರು ಮೂಗು ಮುರಿದರು, ಕೆಲವರು ಬೇರೆ ಸೆಕ್ಷನ್ನಿಗೆ ವರ್ಗ ಕೇಳಿಕೊಂಡರು. ಕೋಕಿಲಾ ತುಟಿ ಪಿಟಕ್ಕೆನ್ನದೆ, ತಮಗಿಂತ ಹತ್ತು ವರ್ಷ ಚಿಕ್ಕವರ ಪಕ್ಕ ಕೂತು ಕಲಿತರು. ನಲವತ್ತು ವರ್ಷ ಹೀಗೇ ದುಡಿದು ನಿವೃತ್ತರಾದ ಮಾರನೇ ವಾರವೇ ಮನೆಯಲ್ಲಿ ಕೂರಲಾಗದೆ ಈ ಕೆಲಸ ಹಿಡಿದರು. ಇನ್ಶೂರೆನ್ಸ್ ಕಂಪನಿಯಿಂದ ನಿವೃತ್ತರಾದ ಗಂಡ ಶ್ರೀಕಂಠಯ್ಯ, "ನಿಂಗೆ ಪೆನ್ಷನ್ ಅನ್ನೋದೇ ಜೀರ್ಣ ಆಗಲ್ಲ ಬಿಡು" ಎಂದು ರೇಗಿಸಿದ್ದರು.

ಕೆಟ್ಟ ಬೋರ್ಡು ಬಂದರೆ ಎಲ್ಲರೂ ಮೊದಲು ಮೀಟರಿಗೆ ಕೈ ಹಾಕುತ್ತಾರೆ. ಕೋಕಿಲಾ ಜೆರಾಕ್ಸ್ ಅಂಗಡಿಗೆ ಇಳಿಯುತ್ತಾರೆ. ಬೋರ್ಡಿನ ನಕ್ಷೆಯನ್ನು ಹಳೇ ರೂಢಿಯಂತೆ ನಾಲ್ಕು ಪಟ್ಟು ದೊಡ್ಡದು ಮಾಡಿಸಿ ಮೇಜಿನ ಮೇಲೆ ಹರಡಿಕೊಳ್ಳುತ್ತಾರೆ. ಬೋರ್ಡಿಗೆ ಬೇಕಾದ ವೋಲ್ಟು ಒದಗಿಸುವ ಪವರ್ ಸಪ್ಲೈ ಒಳಗೆ ಒಂದು ಸ್ವಿಚ್ಚು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್, ಆಫ್ ಆಗುತ್ತಿರುತ್ತದೆ. ಆನ್ ಆದಾಗ ಕರೆಂಟು ಹೋಗುವ ದಾರಿಗೆ ಕೆಂಪು ಪೆನ್ಸಿಲ್, ಆಫ್ ಆದಾಗ ಹೋಗುವ ದಾರಿಗೆ ನೀಲಿ. ಎರಡೂ ಬಣ್ಣ ಬಿದ್ದಲ್ಲಿ ಕರೆಂಟು ಸಮಾಧಾನವಾಗಿ ಹರಿಯುತ್ತಿದೆ ಎಂದರ್ಥ. ಒಂದೇ ಬಣ್ಣ ಬಿದ್ದಲ್ಲಿ ಅದು ಗಕ್ಕನೆ ನಿಂತು ಗಕ್ಕನೆ ಹೊರಡುತ್ತಿದೆ, ಸುತ್ತಲಿನವರಿಗೆಲ್ಲ ಕಿರಿಕಿರಿ ಕೊಡುವುದು ಅದೇ. ಆ ಒಂಟಿ ಬಣ್ಣದ ದಾರಿಯನ್ನು ಆದಷ್ಟು ಗಿಡ್ಡ ಮಾಡಬೇಕು. ಇಷ್ಟೇ ಇವರ ವಿದ್ಯೆ. ಇಷ್ಟೇ ಅಂದೆ ನೋಡಿ, ಆ ಇಷ್ಟನ್ನು ಮೊದಲೇ ಮಾಡುವ ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಕೆ.ಆರ್. ಪುರದಲ್ಲಿ ಶೆಡ್ ಹಾಕಿಕೊಂಡು ಮನೆ ಇನ್ವರ್ಟರ್ ತಯಾರಿಸುವ ಮುನಿಆಂಜನಪ್ಪನವರನ್ನು ಕೇಳಿ. ಅವರ ಇನ್ವರ್ಟರುಗಳಲ್ಲಿ ವಾರಕ್ಕೊಂದು ಟ್ರಾನ್ಸಿಸ್ಟರ್ ಸುಟ್ಟು ಕರಕಲಾಗುತ್ತಿತ್ತು. ಮೂರು ಜನ ಎಂಜಿನಿಯರುಗಳು ಬಂದು ಮೂರು ಕಂಪನಿಯ ಟ್ರಾನ್ಸಿಸ್ಟರ್ ಹಾಕಿ ನೋಡಿ ಕೈ ತೊಳೆದುಕೊಂಡರು. ಕೋಕಿಲಾ ಎರಡು ಪೆನ್ಸಿಲ್ ಸವೆಸಿ, ದೊಡ್ಡ ಫ್ಯಾನಿಗೆ ಜಾಗ ಮಾಡಲು ಯಾರೋ ಆಚೆಗೆ ಸರಿಸಿದ್ದ ಒಂದು ಕೆಪಾಸಿಟರನ್ನು ವಾಪಸ್ ಟ್ರಾನ್ಸಿಸ್ಟರಿನ ಮಗ್ಗುಲಿಗೆ ತಂದು ಕೂರಿಸಿದರು. ಅಲ್ಲಿಗೆ ಸುಡುವುದು ನಿಂತಿತು. ಆ ಮನುಷ್ಯ ಇವತ್ತಿಗೂ ಪ್ರತಿ ಚಳಿಗಾಲ ತಮ್ಮ ಹೊಲದ ಅವರೆಕಾಯಿ ಒಂದು ಮೂಟೆ ತಂದು ಕಚೇರಿಯಲ್ಲಿ ಇಳಿಸಿ, ಕೈ ಮುಗಿದು ಹೋಗುತ್ತಾರೆ.

ಇಂಥ ಕೋಕಿಲಾರನ್ನು ಅಲ್ಲಾಡಿಸಿಬಿಟ್ಟ ಸಂಗತಿ ನಡೆದದ್ದು ಹೋದ ವರ್ಷ, ಅವರದೇ ಕಚೇರಿಯ ಒಂದು ಯಂತ್ರದಿಂದ.

ಅದು ಹುಟ್ಟಿದ ಮಗುವಿಗೆ ಕಿವಿ ಕೇಳುತ್ತದೆಯೇ ಎಂದು ಎರಡನೇ ದಿನವೇ ತಿಳಿಸುವ ಯಂತ್ರ. ನಿದ್ದೆ ಹೋದ ಮಗುವಿನ ಹಣೆಗೆ, ಕಿವಿ ಹಿಂದಕ್ಕೆ ಪುಟ್ಟ ಪಟ್ಟಿ ಅಂಟಿಸಿ ಕಿವಿಗೆ ಟಿಕ್ ಟಿಕ್ ಸದ್ದು ಕಳಿಸಿದರೆ, ಕೇಳಿಸಿಕೊಂಡ ಮೆದುಳು ಎಬ್ಬಿಸುವ ಅತಿ ಸಣ್ಣ ಕರೆಂಟನ್ನು ಅದು ಹಿಡಿಯುತ್ತದೆ. ಸಿಕ್ಕರೆ ಹಸಿರು ದೀಪ, ಸಿಗದಿದ್ದರೆ ಕೆಂಪು. ಶಿವಾಜಿನಗರದ ಲುಬ್ನಾ ಎಂಬ ಇಪ್ಪತ್ತೇಳರ ಹುಡುಗಿ ಎರಡು ವರ್ಷ ಊಟ ತಿಂಡಿ ಮರೆತು ಮಾಡಿದ ವಿನ್ಯಾಸ ಅದು. ಬೋರ್ಡಿನ ಲೇಔಟ್ ಕೋಕಿಲಾರದು. ಆ ಸಣ್ಣ ಕರೆಂಟನ್ನು ಹಿಗ್ಗಿಸುವ ಆಂಪ್ಲಿಫಯರಿಗೆ ಬ್ಯಾಟರಿಯ ವೋಲ್ಟಷ್ಟೇ ಸಾಲದು, ಸೊನ್ನೆಗಿಂತ ಕೆಳಗಿನ ಐದು ವೋಲ್ಟೂ ಬೇಕು. ಬ್ಯಾಟರಿಯದನ್ನು ಹೀಗೆ ತಲೆಕೆಳಗು ಮಾಡಿ ಕೊಡುವ ಮೂಲೆಯೊಂದು ಬೋರ್ಡಿನಲ್ಲಿತ್ತು. ಅದಕ್ಕೂ ಇನ್ವರ್ಟರ್ ಎಂದೇ ಹೆಸರು, ಗಾತ್ರ ಮಾತ್ರ ಹೆಬ್ಬೆರಳಿನ ಉಗುರಿನಷ್ಟು.

ಕಂಟೋನ್ಮೆಂಟ್ ಕಡೆಯ ಹೆರಿಗೆ ಆಸ್ಪತ್ರೆಯೊಂದಕ್ಕೆ ಇಂಥ ಐದು ಯಂತ್ರಗಳನ್ನು ಪರೀಕ್ಷೆಗೆಂದು ಕೊಟ್ಟಿದ್ದರು. ಎರಡು ವಾರ ಕಳೆದಿರಬೇಕು, ಅಲ್ಲಿನ ನರ್ಸ್ ಅಣ್ಣಮ್ಮ ಸಿಸ್ಟರ್ ಫೋನ್ ಮಾಡಿದರು.

"ನಿಮ್ ಮೆಷಿನ್ ಕತೆ ವಿಚಿತ್ರ ಆಗಿದೆ ಕಣ್ರೀ. ಬೆಳಗ್ಗೆ ನೋಡಿದ ಮಕ್ಕಳಿಗೆಲ್ಲಾ ಕಿವಿ ಕೇಳುತ್ತೆ, ಮಧ್ಯಾಹ್ನ ನೋಡಿದ್ರೆ ಕೇಳಲ್ಲ. ಒಂಬತ್ತು ಮಕ್ಕಳಿಗೆ ಕೆಂಪು ಬಂದಿದೆ, ಒಂಬತ್ತೂ ಮಧ್ಯಾಹ್ನದವೇ. ದೇವರು ಟೈಮ್ ನೋಡ್ಕೊಂಡು ಕಿವಿ ಕೊಡ್ತಾನಾ?"

ಕಚೇರಿಯ ಯಜಮಾನ ಶ್ರೀನಾಥ್ ತಲೆ ಮೇಲೆ ಕೈ ಹೊತ್ತು ಕೂತ. ಒಳ್ಳೆಯವನೇ, ಗಾಬರಿ ಜಾಸ್ತಿ. ಯಂತ್ರ ಕೆಟ್ಟರೆ ಮೊದಲು ಆಸ್ಪತ್ರೆಯ ಟ್ಯೂಬ್‌ಲೈಟ್ ಮೇಲೆ ಅನುಮಾನ, ಆಮೇಲೆ ಫ್ಯಾನು, ಆಮೇಲೆ ಲಿಫ್ಟು. ಅವೆಲ್ಲ ನಿರಪರಾಧಿಗಳೆಂದು ಗೊತ್ತಾದ ಮೇಲೆ ಆಪಾದನೆ ಹೋಗಿ ಲುಬ್ನಾಳ ತಲೆಗೆ ಕೂತಿತು. ಆಂಪ್ಲಿಫಯರ್ ವಿನ್ಯಾಸವೇ ಸರಿಯಿಲ್ಲ, ಶನಿವಾರದೊಳಗೆ ಸರಿಹೋಗದಿದ್ದರೆ ಯಂತ್ರವನ್ನು ಬೇರೆಯವರ ಕೈಗೆ ಕೊಡುತ್ತೇನೆ ಎಂದು ಎಲ್ಲರೆದುರಿಗೇ ಹೇಳಿಬಿಟ್ಟ. ಆ ಹುಡುಗಿ ಊಟದ ಡಬ್ಬಿ ತೆರೆಯದೆಯೇ ಮನೆಗೆ ವಾಪಸ್ ತೆಗೆದುಕೊಂಡು ಹೋದದ್ದನ್ನು ಕೋಕಿಲಾ ನೋಡಿದರು.

ಗುರುವಾರ ಬೆಳಗ್ಗೆ ಅವರೇ ಅಣ್ಣಮ್ಮ ಸಿಸ್ಟರಿಗೆ ಫೋನ್ ಹಚ್ಚಿದರು.

"ಸಿಸ್ಟರ್, ಮೆಷಿನ್ ಚಾರ್ಜಿಗೆ ಯಾವಾಗ ಹಾಕ್ತೀರಿ?"

"ಹಿಂದಿನ ದಿನ ಡ್ಯೂಟಿ ಮುಗಿಸೋವಾಗ ಹಾಕಿ ಹೋಗ್ತೀನಿ. ಬೆಳಗ್ಗೆ ಫುಲ್ ಇರುತ್ತೆ."

"ಮಧ್ಯಾಹ್ನದ ಹೊತ್ತಿಗೆ?"

"ಅರ್ಧಕ್ಕಿಂತ ಕೆಳಗೆ ಬಂದಿರುತ್ತೆ. ಯಾಕ್ ಮೇಡಂ?"

ಬ್ಯಾಟರಿ ಇಳಿದಷ್ಟೂ ಇನ್ವರ್ಟರ್ ಅದೇ ಐದು ವೋಲ್ಟ್ ಹೊರಡಿಸಲು ಹೆಚ್ಚು ಹೆಚ್ಚು ಕರೆಂಟು ಎಳೆಯುತ್ತದೆ. ಒಂದೊಂದು ಎಳೆತವೂ ಬಲವಾಗುತ್ತದೆ. ಹಾಗಾದರೆ ಕಿರಿಕಿರಿ ಮಾಡುತ್ತಿರುವುದು ಪವರ್ ಸಪ್ಲೈ ಇರಬಹುದೇ? ಕೋಕಿಲಾ ನಕ್ಷೆ ಹಿಡಿದು ಕೆಳಗಿಳಿದರು, ದೊಡ್ಡದು ಮಾಡಿಸಿ ತಂದು ಮೇಜಿನ ಮೇಲೆ ಹರಡಿದರು.

ಲುಬ್ನಾ ಪಕ್ಕಕ್ಕೆ ಬಂದು ನಿಂತಳು. "ಪವರ್ ಕಡೆ ಬೇಡ ಮೇಡಂ, ಅದು ನಿಮ್ ಬ್ಲಾಕು. ಎಂಟು ಬೋರ್ಡಲ್ಲಿ ಓಡ್ತಿದೆ. ನನ್ನ ಆಂಪ್ಲಿಫಯರೇ ನೋಡಿ."

ನಿಮ್ ಬ್ಲಾಕು ಅಂದದ್ದು ನಿಜ. ಆ ಕಚೇರಿಯಲ್ಲಿ ಪವರ್ ಸಪ್ಲೈ ಭಾಗವನ್ನು ಯಾರೂ ಹೊಸದಾಗಿ ಬಿಡಿಸುತ್ತಿರಲಿಲ್ಲ. ಕೋಕಿಲಾ ಒಮ್ಮೆ ಬಿಡಿಸಿಟ್ಟಿದ್ದನ್ನೇ ಎತ್ತಿ ಕೂರಿಸಿ, ಅದರ ಒಂದು ಗೆರೆಯನ್ನೂ ಮುಟ್ಟದೆ ಮುಂದೆ ಹೋಗುತ್ತಿದ್ದರು. ಮೇಡಂ ಮಾಡಿದ್ದನ್ನು ಮುಟ್ಟುವುದೆಂದರೆ ಹಿರಿಯರಿಗೆ ಎದುರು ಮಾತಾಡಿದಷ್ಟೇ ಮುಜುಗರ ಅವರಿಗೆ.

"ಮೊದಲು ಇದನ್ನ ಮುಗಿಸ್ತೀನಿ ಇರಮ್ಮ," ಎಂದು ಕೋಕಿಲಾ ಕೆಂಪು ಪೆನ್ಸಿಲ್ ತೆಗೆದುಕೊಂಡರು. ಬ್ಯಾಟರಿಯಿಂದ ಸ್ವಿಚ್ಚು, ಸ್ವಿಚ್ಚಿನಿಂದ ಕಾಯಿಲ್ಲು ಎಂಬ ತಂತಿಯ ಸುರುಳಿ, ಅಲ್ಲಿಂದ ವಾಪಸ್. ಪುಟ್ಟ ಸುತ್ತು, ಅಂದವಾಗಿತ್ತು. ನೀಲಿ ಹಿಡಿದರು. ಕಾಯಿಲ್ಲಿನಿಂದ ಹೊರಟು ಔಟ್‌ಪುಟ್ ಕೆಪಾಸಿಟರಿಗೆ ಹೋಗಬೇಕು. ಕೆಪಾಸಿಟರ್ ಎಂದರೆ ಕರೆಂಟನ್ನು ಒಂದಿಷ್ಟು ಹಿಡಿದಿಟ್ಟುಕೊಂಡು ಬೇಕಾದಾಗ ಬಿಡುವ ಪುಟ್ಟ ತೊಟ್ಟಿ. ಅದು ಹತ್ತಿರದಲ್ಲಿರಲಿಲ್ಲ. ಪೆನ್ಸಿಲ್ ಹೋಗುತ್ತಲೇ ಇತ್ತು. ಬೋರ್ಡಿನ ಉದ್ದಕ್ಕೂ ಹೋಗಿ, ಆಂಪ್ಲಿಫಯರಿನ ಪಕ್ಕದಲ್ಲಿ ಕೂತಿದ್ದ ಕೆಪಾಸಿಟರನ್ನು ಮುಟ್ಟಿ, ಅದೇ ಆಂಪ್ಲಿಫಯರಿನ ಹೊಟ್ಟೆ ಕೆಳಗಿನ ತಾಮ್ರದ ಮೇಲೆ ಹಾದು ವಾಪಸ್ ಬಂತು. ಸ್ಕೇಲಿಟ್ಟು ಅಳೆದರು. ಹೋಗಲಿಕ್ಕೇ ನಲವತ್ತೆರಡು ಮಿಲಿಮೀಟರು, ಉದ್ದಕ್ಕೂ ಬರೀ ನೀಲಿ.

ಕೋಕಿಲಾ ಪೆನ್ಸಿಲ್ ಕೆಳಗಿಟ್ಟರು.

ಎಂಟು ಬೋರ್ಡುಗಳಲ್ಲಿದ್ದ ಅವರ ಬ್ಲಾಕು ವೋಲ್ಟು ಇಳಿಸುವ ಬಗೆಯದು. ಅದರಲ್ಲಿ ಹೊರಗೆ ಹೋಗುವ ಕರೆಂಟು ಶಾಂತ. ಔಟ್‌ಪುಟ್ ಕೆಪಾಸಿಟರನ್ನು ದೂರ ಒಯ್ದು, ಕರೆಂಟು ಬಳಸುವ ಭಾಗದ ಮಗ್ಗುಲಲ್ಲಿ ಕೂರಿಸಿದರೂ ನಡೆಯುತ್ತದೆ, ಅವರು ನಲವತ್ತು ವರ್ಷ ಹಾಗೇ ಮಾಡಿದ್ದರು. ತಲೆಕೆಳಗು ಮಾಡುವ ಬಗೆಯಲ್ಲಿ ಹಾಗಿಲ್ಲ. ಅಲ್ಲಿ ಹೊರಗೆ ಹೋಗುವ ಕರೆಂಟೂ ಗಕ್ಕನೆ ನಿಂತು ಗಕ್ಕನೆ ಹೊರಡುತ್ತದೆ, ಕೆಪಾಸಿಟರ್ ಕಾಯಿಲ್ಲಿಗೆ ಅಂಟಿಕೊಂಡೇ ಇರಬೇಕು. ಇದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬೇರೆಯವರು ಮಾಡಿದ್ದರೆ ಒಂದು ನಿಮಿಷದಲ್ಲಿ ಹಿಡಿಯುತ್ತಿದ್ದರು. ಆದರೆ ತಮ್ಮ ಬ್ಲಾಕನ್ನೇ ತಿರುಗಿಸಿ ಕೂರಿಸುವಾಗ ಕೈ ತನ್ನ ರೂಢಿಯಂತೆ ಕೆಪಾಸಿಟರನ್ನು ಒಯ್ದು ಆಂಪ್ಲಿಫಯರಿನ ಪಕ್ಕ ಇಟ್ಟಿತ್ತು. ಊರಿನ ಬೋರ್ಡುಗಳಿಗೆಲ್ಲ ಪೆನ್ಸಿಲ್ ಹಿಡಿಯುವ ಅವರು ತಮ್ಮ ಬೋರ್ಡಿಗೆ ಹಿಡಿದಿರಲಿಲ್ಲ.

ಇನ್ನೊಂದು ನೆನಪಾಗಿ ಕಿವಿಯೆಲ್ಲ ಬಿಸಿಯಾಯಿತು. ಬಿಡಿಸಿದವರೊಬ್ಬರು, ಪರಿಶೀಲಿಸಿದವರೊಬ್ಬರು ಎಂದು ನಕ್ಷೆಯಲ್ಲಿ ಎರಡು ಸಹಿ ಬೀಳಬೇಕು. ಅವತ್ತು ಪರಿಶೀಲನೆಗೆ ಕೊಟ್ಟಾಗ ಲುಬ್ನಾ, "ನಿಮ್ಮದನ್ನ ನಾನು ಚೆಕ್ ಮಾಡೋದಾ ಮೇಡಂ?" ಎಂದು ನಕ್ಕು ನಿಂತ ಕಾಲಲ್ಲೇ ಸಹಿ ಹಾಕಿದ್ದಳು. ಆ ಮಾತಿಗೆ ಕೋಕಿಲಾ ಒಳಗೊಳಗೇ ಹಿಗ್ಗಿದ್ದರು.

ಅಷ್ಟರಲ್ಲಿ ಶ್ರೀನಾಥ್ ಬಂದ. ಲುಬ್ನಾ ಕಾಫಿಗೆಂದು ಆಚೆ ಹೋಗಿದ್ದಳು. "ಮೇಡಂ, ನಾನೊಂದು ಯೋಚನೆ ಮಾಡಿದೀನಿ. ಆಂಪ್ಲಿಫಯರ್ ಪೂರ್ತಿ ಬದಲಾಯಿಸಿ ಹೊಸ ಬೋರ್ಡ್ ಮಾಡಿಸೋಣ. ತೊಂದರೆ ಆಂಪ್ಲಿಫಯರ್‌ದು ಅಂತ ಆಸ್ಪತ್ರೆಗೆ ಬರೆದುಬಿಡ್ತೀನಿ. ನೀವು ಹೇಗೂ ಬೋರ್ಡು ಬಿಡಿಸೋರು, ಬೇರೆ ಏನಾದ್ರೂ ಸರಿ ಮಾಡೋದಿದ್ರೆ ಅದರ ಜೊತೇಲೇ ಮಾಡಿ ಮುಗಿಸಿ."

ಇದಕ್ಕಿಂತ ಸುಲಭದ ದಾರಿ ಬೇಕೇ? ಹೊಸ ಬೋರ್ಡಿನಲ್ಲಿ ಕೆಪಾಸಿಟರನ್ನು ಸದ್ದಿಲ್ಲದೆ ಈಚೆಗೆ ಸರಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಯಂತ್ರ ಸರಿಹೋಗುತ್ತದೆ, ಕೋಕಿಲಾ ಮೇಡಂ ಕೋಕಿಲಾ ಮೇಡಂ ಆಗಿಯೇ ಉಳಿಯುತ್ತಾರೆ, ತಪ್ಪು ಮಾಡಿದವಳೆಂಬ ಹಣೆಪಟ್ಟಿ ಹೊತ್ತು ಒಬ್ಬ ಹುಡುಗಿ ಹೋಗುತ್ತಾಳೆ. ಕೋಕಿಲಾ ಕೂಡಲೇ ಬೇಡ ಎಂದರು ಅಂತ ಬರೆಯಲು ನನಗೂ ಆಸೆ. ಆದರೆ ಅವರು ಅಂದದ್ದು, "ನಾಳೆ ಹೇಳ್ತೀನಿ ಶ್ರೀನಾಥ್."

ಸಂಜೆ ಮನೆಯಲ್ಲಿ ಕಾಫಿ ಲೋಟ ಹಿಡಿದು ಸುಮ್ಮನೆ ಕೂತಿದ್ದನ್ನು ನೋಡಿ ಶ್ರೀಕಂಠಯ್ಯ ಕೇಳಿದರು. ಕೋಕಿಲಾ ಎಲ್ಲವನ್ನೂ ಹೇಳಿದರು.

"ನಲವತ್ತು ವರ್ಷದ ಹೆಸರು ರೀ," ಎಂದರು ಕೊನೆಗೆ.

ಶ್ರೀಕಂಠಯ್ಯ ಪೇಪರ್ ಮಡಚಿಟ್ಟರು. "ಹೆಸರಿನ ವಿಷಯ ಆಮೇಲೆ ನೋಡೋಣ ಕಣೇ. ಕೆಂಪು ಬಂತು ಅಂದ್ಯಲ್ಲ, ಆ ಮಕ್ಕಳ ಮನೇಲಿ ಈಗ ಏನ್ ನಡೀತಿರಬಹುದು?"

ಆ ಪ್ರಶ್ನೆ ಅಲ್ಲಿಯವರೆಗೆ ಕೋಕಿಲಾರ ತಲೆಗೆ ಬಂದೇ ಇರಲಿಲ್ಲ. ಬೋರ್ಡು, ಹೆಸರು, ಲುಬ್ನಾ, ಶ್ರೀನಾಥ್, ಇಷ್ಟರಲ್ಲೇ ಮುಳುಗಿದ್ದರು. ಒಂಬತ್ತು ಬಾಣಂತಿಯರಿಗೆ ನಿನ್ನ ಮಗುವಿಗೆ ಕಿವಿ ಕೇಳದಿರಬಹುದು, ತಿಂಗಳು ಬಿಟ್ಟು ದೊಡ್ಡ ಪರೀಕ್ಷೆಗೆ ಬಾ ಎಂದು ಹೇಳಿ ಕಳಿಸಲಾಗಿದೆ. ಕಾಫಿ ಆರಿಹೋಯಿತು. ಅವರು ಅದನ್ನು ಕುಡಿಯಲಿಲ್ಲ.

ಶುಕ್ರವಾರ ಎಂಟೂವರೆಗೇ ಕಚೇರಿಯ ಬೀಗ ತೆಗೆಸಿದರು. ಭೂತಗನ್ನಡಿ ಹಿಡಿದು, ಕಾಯಿಲ್ಲಿನ ಮಗ್ಗುಲಲ್ಲಿ ಬೋರ್ಡಿನ ಹಸಿರು ಬಣ್ಣವನ್ನು ಬ್ಲೇಡಿನಿಂದ ಕೆರೆದು ತಾಮ್ರ ಕಾಣುವಂತೆ ಮಾಡಿದರು. ಸಾಸಿವೆ ಕಾಳಿನಷ್ಟು ಪುಟ್ಟ ಕೆಪಾಸಿಟರೊಂದನ್ನು ಅಲ್ಲೇ ಬೆಸುಗೆ ಹಾಕಿದರು. ಬೇಕೆಂದೇ ಬ್ಯಾಟರಿಯನ್ನು ಕಾಲು ಭಾಗಕ್ಕೆ ಇಳಿಸಿ ಯಂತ್ರ ಹಚ್ಚಿದರು. ಮುಳ್ಳುಕಂಟಿಯಂತೆ ಎದ್ದಿರುತ್ತಿದ್ದ ಗೆರೆ ಪರದೆಯ ಮೇಲೆ ಸಪಾಟಾಗಿ ಮಲಗಿತು. ಮೂರು ಸಲ ನೋಡಿದರು. ಆಮೇಲೆ ಇಬ್ಬರನ್ನೂ ಕರೆದು ಕೂರಿಸಿ, ಬಣ್ಣದ ನಕ್ಷೆ ಮುಂದಿಟ್ಟು ಹೇಳಿದರು.

"ತಪ್ಪು ಲುಬ್ನಾದಲ್ಲ. ಆಂಪ್ಲಿಫಯರ್ ಸರಿಯಾಗೇ ಇದೆ. ಈ ಕೆಪಾಸಿಟರ್ ದೂರ ಇಟ್ಟವಳು ನಾನು."

ಲುಬ್ನಾಳ ಕಣ್ಣು ತುಂಬಿ ಬಂತು. "ಫೋನ್ ಬಂದಾಗಿಂದ ನನ್ನ ಲೆಕ್ಕಾನೇ ತಪ್ಪು ಅಂದ್ಕೊಂಡಿದ್ದೆ ಮೇಡಂ. ಒಂದೊಂದು ಸಾಲೂ ನೂರು ಸಲ ನೋಡಿದೆ. ನಿಮ್ ಕಡೆ ಮಾತ್ರ ನೋಡ್ಲೇ ಇಲ್ಲ."

"ನೋಡ್ಬೇಕಿತ್ತು. ಸಹಿ ಹಾಕಿದ್ದು ನೀನು. ಇನ್ಮೇಲೆ ನನ್ನ ಕೆಲಸಾನೇ ಮೊದಲು ಚೆಕ್ ಮಾಡು, ನಾಚಿಕೆ ಇಲ್ಲದೆ ಮಾಡು," ಎಂದರು ಕೋಕಿಲಾ. ಆಮೇಲೆ ದನಿ ತಗ್ಗಿಸಿ, "ಕ್ಷಮಿಸಮ್ಮ," ಎಂದರು.

ಶ್ರೀನಾಥ್‌ಗೆ ನಾಚಿಕೆಯಾಗಿತ್ತು. ಲುಬ್ನಾಳ ಮುಖ ನೋಡದೆ ಸಾರಿ ಎಂದ. ಆದರೂ ಅವನ ಬುದ್ಧಿ ಬಿಡಲಿಲ್ಲ. "ನಿಮ್ ಹೆಸರು ಯಾಕೆ ಮೇಡಂ? ಲೇಔಟ್‌ನಲ್ಲಿ ಒಂದು ಸುಧಾರಣೆ ಮಾಡಿದೀವಿ ಅಂತ ಬರೆಯೋಣ."

"ಬರೀರಿ. ಆದ್ರೆ ಆ ಒಂಬತ್ತು ತಾಯಂದಿರಿಗೆ ಏನು ಸುಧಾರಣೆ ಅಂತ ಹೇಳ್ತೀರಿ?"

ಅವನು ಕಾಗದ, ಪೆನ್ನು ಅವರ ಮುಂದೆ ಸರಿಸಿದ. ಆಸ್ಪತ್ರೆಗೆ ಹೋದ ಕಾಗದದಲ್ಲಿ ತಪ್ಪು ಏನು, ಯಾರದು, ಯಾವ ಮಕ್ಕಳ ಪರೀಕ್ಷೆ ಮತ್ತೆ ಆಗಬೇಕು ಎಂಬುದನ್ನೆಲ್ಲ ಕೋಕಿಲಾ ತಾವೇ ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿದರು. ನಾನು ಆ ಕಾಗದ ನೋಡಿದ್ದೇನೆ. ದುಂಡಗಿನ ಅಕ್ಷರ, ಒಂದು ಕಡೆಯೂ ಕಾಟು ಹೊಡೆದಿಲ್ಲ. ಇಂಥ ಕಾಗದ ಬರೆಯುವ ಎದೆಗಾರಿಕೆ ನನಗಿದೆಯೇ ಎಂದು ಕೇಳಿಕೊಂಡರೆ ಉತ್ತರ ಹೇಳಲು ಹಿಂಜರಿಕೆಯಾಗುತ್ತದೆ.

ಶನಿವಾರದೊಳಗೆ ಐದು ಯಂತ್ರಗಳಿಗೂ ಬೆಸುಗೆ ಬಿತ್ತು. ಸೋಮವಾರ, ಮಂಗಳವಾರ ಅಣ್ಣಮ್ಮ ಸಿಸ್ಟರ್ ಕರೆಸಿಕೊಂಡ ಎಂಟು ಮಕ್ಕಳಲ್ಲಿ ಏಳಕ್ಕೆ ಹಸಿರು ಬಂತು. ಒಂದಕ್ಕೆ ಮತ್ತೆ ಕೆಂಪೇ. ಆ ಮಗುವಿಗೆ ದೊಡ್ಡ ಪರೀಕ್ಷೆ ಆಗಲೇಬೇಕು, ಈ ಸಲ ಯಂತ್ರ ಸುಳ್ಳು ಹೇಳುತ್ತಿರಲಿಲ್ಲ. ಒಂಬತ್ತನೇ ಮಗುವಿನ ತಾಯಿ ಮಾತ್ರ ಬರುವುದಿಲ್ಲ ಎಂದು ಫೋನ್ ಇಟ್ಟುಬಿಟ್ಟಿದ್ದಳು. ಭವ್ಯ ಎಂದು ಹೆಸರು, ಬಾಣಂತನಕ್ಕೆ ಲಿಂಗರಾಜಪುರದ ತವರಿನಲ್ಲಿದ್ದಳು.

"ಒಂದು ಸಲ ಹೇಳಿಸ್ಕೊಂಡಿದ್ದೇ ಸಾಕು ಸಿಸ್ಟರ್, ಎರಡನೇ ಸಲ ಕೇಳೋ ಶಕ್ತಿ ಇಲ್ಲ ಅಂತಾಳೆ," ಎಂದರು ಅಣ್ಣಮ್ಮ.

"ಹಾಗಾದ್ರೆ ನಾವೇ ಹೋಗೋಣ," ಎಂದರು ಕೋಕಿಲಾ.

ಬುಧವಾರ ಮಧ್ಯಾಹ್ನ ಎರಡೂವರೆಗೆ ಹೋದರು. ಯಂತ್ರವನ್ನು ಚಾರ್ಜಿಗೆ ಹಾಕಿರಲಿಲ್ಲ, ಕೋಕಿಲಾ ಬೇಕೆಂದೇ ಬೇಡವೆಂದಿದ್ದರು. ಬಾಗಿಲು ತೆಗೆದವರು ಭವ್ಯಳ ತಾಯಿ. "ಬನ್ನಿ, ಈಗಷ್ಟೇ ಎಣ್ಣೆ ನೀರು ಹಾಕಿ ಮಲಗಿಸಿದೀವಿ," ಎಂದು ಒಳಗೆ ಕರೆದೊಯ್ದರು. ಸಾಂಬ್ರಾಣಿ ವಾಸನೆಯ ಕೋಣೆ. ಮಂಚದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಭವ್ಯ ಗೋಡೆಗೆ ಒರಗಿ ಕೂತಿದ್ದಳು. ಬಂದವರನ್ನು ಕೂತುಕೊಳ್ಳಿ ಅನ್ನಲಿಲ್ಲ.

"ಬಾಗ್ಲು ಬಡಿದ್ರೆ ಮಗು ಏಳುತ್ತೆ ಅಂತ ನಾನು ಹೇಳ್ತಾನೇ ಇದೀನಿ," ಎಂದರು ತಾಯಿ ಮೆಲ್ಲಗೆ. "ಮೆಷಿನ್‌ಗಿಂತ ನಿಂಗೆ ಜಾಸ್ತಿ ಗೊತ್ತಾ ಅಂತ ನನ್ನ ಮೇಲೇ ಸಿಡುಕ್ತಾಳೆ."

ಅಣ್ಣಮ್ಮ ಮಗುವಿನ ಹಣೆಯ ಎಣ್ಣೆಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಪಟ್ಟಿ ಅಂಟಿಸಿದರು. ಯಂತ್ರ ಶುರುವಾಯಿತು. ನಾಲ್ಕು ನಿಮಿಷದ ಕೆಲಸ. ಕೋಕಿಲಾ ನಲವತ್ತು ವರ್ಷದಲ್ಲಿ ನೂರಾರು ಬೋರ್ಡುಗಳ ಮುಂದೆ ಹೀಗೆ ಕಾದು ಕೂತಿದ್ದಾರೆ, ಯಾವತ್ತೂ ಇಷ್ಟು ಹೆದರಿರಲಿಲ್ಲ. ಬೋರ್ಡು ಸರಿಯಾಗಿದೆ ಎಂದ ಮಾತ್ರಕ್ಕೆ ಈ ಮಗುವಿನ ಕಿವಿ ಸರಿಯಾಗಿದೆ ಎಂದೇನಲ್ಲ. ಎಂಟರಲ್ಲಿ ಒಂದು ಹಾಗಾಗಿತ್ತಲ್ಲ. ಭವ್ಯ ಯಂತ್ರದ ಕಡೆ ನೋಡಲಿಲ್ಲ, ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು.

ಎರಡು ಕಿವಿಗೂ ಹಸಿರು ಬಂತು.

ಅಣ್ಣಮ್ಮ "ಅಮ್ಮಾ ತಾಯಿ" ಎಂದು ಕೈ ಮುಗಿದರು. ಭವ್ಯಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಲ್ಲಿಗೇ ಎದ್ದು ಬಂದಿದ್ದರೆ ಎಲ್ಲರೂ ಸಂತೋಷದಲ್ಲೇ ಬೀಳ್ಕೊಡುತ್ತಿದ್ದರು. ಕೋಕಿಲಾ ಬಂದಿದ್ದು ಅದಕ್ಕಲ್ಲ.

"ನೋಡಮ್ಮಾ ಭವ್ಯ," ಎಂದರು. "ನಿನ್ನ ಮಗಳಿಗೆ ಕಿವಿ ಚೆನ್ನಾಗಿ ಕೇಳುತ್ತೆ. ಅವತ್ತೂ ಕೇಳ್ತಿತ್ತು. ತಪ್ಪಿದ್ದಿದ್ದು ಮೆಷಿನ್‌ದು. ಅದರೊಳಗೆ ಒಂದು ದಾರಿ ಉದ್ದ ಆಗಿಬಿಟ್ಟಿತ್ತು. ಆ ದಾರಿ ಹಾಕಿದವಳು ನಾನು."

ಭವ್ಯ ನಿಧಾನವಾಗಿ ತಿರುಗಿದಳು. "ನೀವಾ?"

"ನಾನೇ."

"ಹದಿನಾಲ್ಕು ದಿನ ಆಯ್ತು ಆಂಟಿ." ದನಿ ಮೊದಲು ಬಹಳ ಸಣ್ಣಗಿತ್ತು. "ಹದಿನಾಲ್ಕು ದಿನದಿಂದ ನಾನು ಇವಳ ಹತ್ರ ಒಂದು ಮಾತು ಆಡಿಲ್ಲ. ಕೇಳಲ್ವಲ್ಲ, ಯಾರಿಗೆ ಮಾತಾಡ್ಲಿ ಅಂತ. ಹಾಲು ಕುಡಿಸೋವಾಗ್ಲೂ ಬಾಯಿ ಮುಚ್ಕೊಂಡೇ ಕೂತಿರ್ತಿದ್ದೆ. ಪಾಪ ಅದು ನನ್ನ ಮುಖಾನೇ ನೋಡ್ತಾ ಇರೋದು. ನೀವು ನಿಮ್ ದಾರಿ ಸರಿ ಮಾಡ್ಕೊಂಡು ಬಂದ್ಬಿಟ್ರಿ. ನನ್ನ ಹದಿನಾಲ್ಕು ದಿನ ಯಾರ್ ತಂದ್ಕೊಡ್ತಾರೆ? ಹೇಳಿ! ಯಾರ್ ತಂದ್ಕೊಡ್ತಾರೆ?"

ಅಷ್ಟು ಹೊತ್ತಿಗೆ ದನಿ ಮನೆಯೆಲ್ಲ ಮೊಳಗುವಷ್ಟು ಏರಿತ್ತು. ಕ್ಷಮಿಸು ಎಂಬ ಮಾತು ಕೋಕಿಲಾರ ಬಾಯಿಯವರೆಗೆ ಬಂತು, ಅಂದರೆ ತನ್ನ ಮನಸ್ಸಷ್ಟೇ ಹಗುರಾಗುತ್ತದೆ ಎನಿಸಿ ಅದನ್ನು ಅಲ್ಲೇ ನುಂಗಿಕೊಂಡರು.

ಆಗ ತೊಟ್ಟಿಲಲ್ಲಿದ್ದ ಮಗು ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿ ಕಿಟಾರನೆ ಅತ್ತಿತು.

ಭವ್ಯಳ ಬೈಗುಳ ಅರ್ಧಕ್ಕೇ ನಿಂತಿತು. ಒಂದು ಕ್ಷಣ ಮಗುವನ್ನೇ ನೋಡಿದಳು. ಆಮೇಲೆ ಮಂಚದಿಂದ ಇಳಿದು, ಹಣೆಗೆ ಅಂಟಿದ್ದ ಪಟ್ಟಿಯ ಸಮೇತ ಅದನ್ನು ಎತ್ತಿ ಎದೆಗವಚಿಕೊಂಡಳು. "ಅಯ್ಯೋ, ನಿಂಗಲ್ಲ ಪುಟ್ಟಿ, ನಿಂಗಲ್ಲ ಬೈದಿದ್ದು. ಈ ಆಂಟೀಗೆ ಬೈದೆ ಕಣೇ. ಹೆದರ್ಕೊಂಡ್ಬಿಟ್ಯಾ? ಕೇಳಿಸ್ತಾ ನಿಂಗೆ? ಅಮ್ಮ ಬೈದಿದ್ದು ಕೇಳಿಸ್ತಾ?" ಎನ್ನುತ್ತಾ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡತೊಡಗಿದಳು. ಮಗು ಅಳು ನಿಲ್ಲಿಸಿದ ಮೇಲೂ ಮಾತು ನಿಲ್ಲಲಿಲ್ಲ. ಅಪ್ಪ ಸಂಜೆ ಬರುತ್ತಾನೆ ಅಂದಳು, ಕಿಟಕಿಯಾಚೆ ಇರುವುದು ನುಗ್ಗೇಮರ ಅಂದಳು, ಇವಳು ನಿನ್ನ ಅಜ್ಜಿ, ನೀರು ಹಾಕುವಾಗ ನಿನ್ನ ಕಣ್ಣಿಗೆ ಸೀಗೆಪುಡಿ ಹಾಕಿದವಳು ಇವಳೇ ಅಂದಳು.

ಬೈಗುಳ ಪೂರ್ತಿ ಮುಗಿಯಲಿ ಎಂದು ಕೋಕಿಲಾ ಕೂತೇ ಇದ್ದರು. ಭವ್ಯ ಮತ್ತೆ ಅವರ ಕಡೆ ತಿರುಗಲಿಲ್ಲ. ಅವಳಿಗೆ ಮಗಳ ಹತ್ತಿರ ಮಾತಾಡುವುದು ತುಂಬಾ ಇತ್ತು.